ಪೊಳ್ಳು ಗಿಡಗಳ ಕಾಕಾ

ಬೆಂಕಿ ಕೂಡ ಆತನ ಗಿಡಗಳಿಗೆ ಮರ್ಯಾದೆ ಕೊಡುತ್ತಿತ್ತು ಎಂದು ದೇವದುರ್ಗದಲ್ಲಿ ನಡೆದ ಸಂತಾಪ ಸಭೆಯಲ್ಲಿ ಒಬ್ಬರು ಹೇಳಿದರು. ಇನ್ನೊಬ್ಬರು ಎದ್ದು, ಗಿಡದ ಹೊಟ್ಟೆಯೊಳಗೆ ಗೆದ್ದಲು ಮೇಯುವ ಸಪ್ಪಳ ಆತನ ಕಿವಿಗೆ ಕೇಳುತ್ತಿತ್ತು ಎಂದರು. ಮೂರನೆಯವರ ಪ್ರಕಾರ ಆತ ಗಿಡಗಳ ಜೊತೆ ಮಾತಾಡುತ್ತಿದ್ದ, ಅವು ಉತ್ತರವನ್ನೂ ಕೊಡುತ್ತಿದ್ದವು. ಚಪ್ಪಾಳೆಗೆ ಎತ್ತಿದ ಕೆಲವು ಕೈಗಳು, ಇದು ಸಂತಾಪ ಸಭೆ ಎಂದು ನೆನಪಾಗಿ, ತೊಡೆಯ ಮೇಲೆ ಇಳಿದವು.

ನಾನು ಇದರಲ್ಲಿ ಒಂದನ್ನೂ ಒಪ್ಪುವುದಿಲ್ಲ. ಕಾಲೇಜಿನ ವರ್ಷಗಳೆಲ್ಲ ಚರ್ಚಾಸ್ಪರ್ಧೆಗಳ ವೇದಿಕೆಯ ಮೇಲೆ ಕಳೆದವನು ನಾನು. ಕಣ್ಣೀರಿನ ಜೊತೆ ಬಂದ ವಾದವನ್ನು ಎರಡು ಸಲ ಪರೀಕ್ಷಿಸಬೇಕು ಎಂದು ಅಲ್ಲೇ ಕಲಿತೆ. ಕಿವಿಯ ವಿಷಯ ತೆಗೆದುಕೊಳ್ಳಿ. ಆತನ ಬಲಗಿವಿ ಪೂರಾ ಮಂದ, ಎಡಗಿವಿ ಅರ್ಧ. ಹಿಂದಿನಿಂದ ಬಸ್ಸು ಹಾರ್ನ್ ಹೊಡೆದರೂ ರಸ್ತೆ ಬಿಡದ ಮನುಷ್ಯನಿಗೆ ಗೆದ್ದಲಿನ ಸಪ್ಪಳ ಎಲ್ಲಿಂದ ಕೇಳಬೇಕು? ಮಾತಿನ ವಿಷಯವೂ ಅಷ್ಟೇ. ಆತ ಗಿಡಗಳ ಜೊತೆ ಆಡಿದ ಒಂದು ಮಾತನ್ನೂ ನಾನು ಕೇಳಿಲ್ಲ. ಆಡಿದ್ದೆಲ್ಲ ನನ್ನ ಜೊತೆ, ಅದರಲ್ಲೂ ಅರ್ಧ ನನ್ನನ್ನು ಕಾಡಿಸುವುದಕ್ಕೆ.

ಇನ್ನು ಬೆಂಕಿಯ ಮರ್ಯಾದೆ. ಅದರ ಹಿಂದಿನ ನಿಜ ಆ ಸಭೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬರು ಆತನ ಹೆಂಡತಿ, ಇನ್ನೊಬ್ಬ ನಾನು. ಇಬ್ಬರೂ ಬಾಯಿ ಬಿಡಲಿಲ್ಲ. ಅವರು ಯಾಕೆ ಬಿಡಲಿಲ್ಲವೋ ನನಗೆ ಗೊತ್ತಿಲ್ಲ. ನಾನು ಬಿಡದಿದ್ದುದಕ್ಕೆ ಕಾರಣ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದುವಾಗ ಇದು ನಿಮ್ಮ ಮನಸ್ಸಿನಲ್ಲಿರಲಿ: ಎರಡು ಪದವಿ ಪಡೆದ ನಾನು, ಏಳನೆಯ ತರಗತಿ ಓದಿದ ಒಬ್ಬ ಫಾರೆಸ್ಟ್ ವಾಚರನ ಮೇಲೆ ಎರಡು ವರ್ಷ ಹೊಟ್ಟೆಕಿಚ್ಚು ಪಟ್ಟೆ. ಆತ ತೀರಿಕೊಂಡ ಮೇಲೂ ಅದು ಪೂರ್ತಿ ಆರಿಲ್ಲ.

ಆತನನ್ನು ನಾನು ಕಾಕಾ ಎನ್ನುತ್ತಿದ್ದೆ. ಮಸರಕಲ್ ಊರಿನವನು. ಕೂಲಿ ಮನೆತನ. ಮನೆಯ ಗೋಡೆಯ ಮೇಲೆ ಬುದ್ಧನ ಫೋಟೊ, ಅದರ ಕೆಳಗೆ ಮೊಳೆಗೆ ನೇತುಹಾಕಿದ ಖಾಕಿ ಅಂಗಿ. ಅಂಗಿ ಇಲಾಖೆಯದಲ್ಲ, ಸಂತೆಯಲ್ಲಿ ಕೊಂಡದ್ದು. ದಿನಗೂಲಿ ವಾಚರನಿಗೆ ಸಮವಸ್ತ್ರ ಕೊಡುವುದಿಲ್ಲ. ಆದರೂ ಖಾಕಿ ಹಾಕದೆ ಆತ ಅಡವಿಗೆ ಕಾಲಿಟ್ಟದ್ದನ್ನು ನಾನು ನೋಡಿಲ್ಲ.

ಅಡವಿ ಎಂದರೆ ದಟ್ಟ ಕಾಡು ಅಂದುಕೊಳ್ಳಬೇಡಿ. ಎದೆಯೆತ್ತರದ ಹುಲ್ಲು, ನಡುನಡುವೆ ಅಲ್ಲೊಂದು ಮುತ್ತುಗ, ಇಲ್ಲೊಂದು ಬಿಳಿಜಾಲಿ, ಮಧ್ಯೆ ಕೆಂಪಗೆ ಎದ್ದು ನಿಂತ ಹುತ್ತಗಳು. ಪುಸ್ತಕದಲ್ಲಿ ಇದಕ್ಕೆ ಸವನ್ನಾ ಎನ್ನುತ್ತಾರೆ, ಇಲ್ಲಿಯ ಜನ ಅಡವಿ ಎನ್ನುತ್ತಾರೆ; ಮರವನ್ನೂ ಗಿಡ ಎಂದೇ ಕರೆಯುತ್ತಾರೆ. ಬೇಸಿಗೆಯಲ್ಲಿ ಹುಲ್ಲು ಒಣಗಿ ಎಲ್ಲಿಂದಲೋ ಕಿಡಿ ಬೀಳುತ್ತದೆ. ಬೆಂಕಿ ಹುಲ್ಲಿನ ಮೇಲೆ ಓಡಿಹೋಗುತ್ತದೆ, ಒಂದು ಮರದ ಬಳಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸಣ್ಣ ಸಸಿಗಳು ಸುಟ್ಟು, ಮಳೆ ಬಿದ್ದ ಮೇಲೆ ಬುಡದಿಂದ ಮತ್ತೆ ಚಿಗುರುತ್ತವೆ. ದಪ್ಪ ತೊಗಟೆಯ ದೊಡ್ಡ ಮರಕ್ಕೆ ಏನೂ ಆಗುವುದಿಲ್ಲ. ಆದರೆ ಆ ದೊಡ್ಡ ಮರದ ಬುಡದಲ್ಲಿ ಗೆದ್ದಲು ತೂತು ಕೊರೆದು ಒಳಗನ್ನು ತಿಂದು ಪೊಳ್ಳು ಮಾಡಿದ್ದರೆ, ಬೆಂಕಿ ಆ ತೂತಿನಿಂದ ಒಳಗೆ ನುಗ್ಗುತ್ತದೆ. ಮರ ತಾನೇ ಒಲೆಯಾಗುತ್ತದೆ. ಎರಡು ದಿನ ಒಳಗೊಳಗೇ ಉರಿದು ಮೂರನೆಯ ದಿನ ಬೀಳುತ್ತದೆ.

ಇದು ಎಲ್ಲರೂ ಹೇಳುವ ಮಾತು. ಎಲ್ಲರೂ ಹೇಳುತ್ತಾರೆ ಎಂಬ ಒಂದೇ ಕಾರಣಕ್ಕೆ ನನಗೆ ಅನುಮಾನ ಬಂತು. ಯಾರು ಅಳೆದು ನೋಡಿದ್ದಾರೆ? ರಾಯಚೂರಿನ ನನ್ನ ಮಾರ್ಗದರ್ಶಕಿಯ ಮುಂದೆ ಅರ್ಧ ತಾಸು ವಾದ ಮಾಡಿ ಇದನ್ನೇ ಸಂಶೋಧನೆಯ ವಿಷಯ ಮಾಡಿಕೊಂಡೆ. ಮೇಡಂ ಒಪ್ಪಿದರು. ಒಪ್ಪಿ, "ಅಲ್ಲಿ ಒಬ್ಬರು ವಾಚರ್ ಇದ್ದಾರೆ, ಅವರನ್ನು ಬಿಟ್ಟು ಒಂದು ಹೆಜ್ಜೆ ಇಡಬೇಡ" ಎಂದರು. ಹೊಟ್ಟೆಕಿಚ್ಚಿನ ಮೊದಲ ಕಿಡಿ ಅಲ್ಲೇ ಬಿದ್ದಿರಬೇಕು.

ಮೊದಲ ದಿನ ನಾನು ಮರ ಕೊರೆದು ನೋಡುವ ಸಲಾಕೆ ಹಿಡಿದು ಹೋಗಿದ್ದೆ. ಕಾಕಾ ಕುಡುಗೋಲು ಹಿಡಿದು ಬಂದಿದ್ದ. ನಾನು ಸಲಾಕೆ ತಿರುಗಿಸಿ ಬೆವರುತ್ತಿರುವಾಗ ಆತ ಕುಡುಗೋಲಿನ ಹಿಂಬದಿಯಿಂದ ಮರಕ್ಕೆ ಒಮ್ಮೆ ಬಡಿದು, "ಪೊಳ್ಳದ್ರಿ ಸರ. ಬರಕೊಳ್ರಿ" ಎಂದ. ಸಲಾಕೆ ಒಳಗೆ ಹೋಯಿತು, ಮರ ಪೊಳ್ಳು. ಮುಂದಿನದು. "ಗಟ್ಟಿ ಅದ. ಬರಕೊಳ್ರಿ." ಗಟ್ಟಿ. ಹತ್ತು ಮರ ನೋಡಿದೆವು. ಒಂಬತ್ತನ್ನು ಆತ ಸರಿಯಾಗಿ ಹೇಳಿದ, ಒಂದು ತಪ್ಪಿತು. ಆ ಒಂದನ್ನು ನಾನು ಬಿಡುತ್ತೇನೆಯೇ?

"ಕಾಕಾ, ಇದು ತಪ್ಪಾತಲ್ಲ?"

"ಆತ್ರಿ."

"ಹಂಗಾದ್ರ ನಿಮ್ಮ ಬಡಿಯೋದನ್ನ ನಂಬೋದು ಹೆಂಗ?"

"ನಂಬಬ್ಯಾಡ್ರಿ. ನೀವು ಕೊರೀರಿ, ನಾ ಬಡೀತೀನಿ. ಇಬ್ಬರಿಗೂ ಹೊತ್ತು ಹೋಕ್ಕದ."

ಹೊತ್ತು ಹೋಯಿತು. ಆಮೇಲೆ ಒಂದು ವಾರ ನಾನು ಆತನ ಕಿವಿಯನ್ನೇ ಗಮನಿಸುತ್ತಿದ್ದೆ. ಗುಟ್ಟು ಕಿವಿಯಲ್ಲಿರಲಿಲ್ಲ. ಬಲಗೈಯಿಂದ ಬಡಿಯುವಾಗ ಎಡ ಅಂಗೈ ಮರದ ಇನ್ನೊಂದು ಬದಿಗೆ ಒತ್ತಿಕೊಂಡಿರುತ್ತಿತ್ತು. ಪೊಳ್ಳು ಮರದ ನಡುಕ ಅಂಗೈಗೆ ಬೇರೆಯಾಗಿಯೇ ತಟ್ಟುತ್ತದೆ. ಸಭೆಯಲ್ಲಿ ಕಿವಿಯನ್ನು ಹೊಗಳಿದವರು ಆತನ ಅಂಗೈಯನ್ನು ನೋಡಿಯೇ ಇಲ್ಲ. ಇದನ್ನು ಕಂಡುಹಿಡಿದವನು ನಾನು ಎಂಬ ಹೆಮ್ಮೆಯಿಂದ ಮಾನ್ವಿಯ ನಮ್ಮ ಮನೆಗೆ ಹೋದವನೇ ಪಡಸಾಲೆಯ ಕಂಬಗಳ ಮೇಲೆ ಅಭ್ಯಾಸ ಶುರು ಮಾಡಿದೆ. ಒಳಗಿನಿಂದ ಅವ್ವ ಬಂದು ನಿಂತಳು. ಅಪ್ಪ ಸಂಸ್ಕೃತ ಮೇಷ್ಟ್ರು, ಅಜ್ಜ ಗುಡಿಯ ಪೂಜೆಯವರು. ಆ ಮನೆಯಲ್ಲಿ ಕಂಬಕ್ಕೆ ಕೈ ಮುಗಿದವರಿದ್ದಾರೆ, ಬಡಿದವರಿಲ್ಲ.

"ಕಂಬಕ್ಕ ಯಾಕ ಬಡೀತಿಯೋ? ಒಳಗ ಯಾರರ ಅದಾರೇನು?"

"ಪೊಳ್ಳದನೋ ಗಟ್ಟಿ ಅದನೋ ನೋಡಾಕತ್ತೀನವ್ವ."

"ಮೊದಲು ನಿನ್ನ ತಲಿಗೆ ಬಡಕೊಂಡು ನೋಡು."

ಒಂದು ತಿಂಗಳು ಬಡಿದೆ. ನನ್ನ ಅಂಗೈಗೆ ಏನೂ ತಿಳಿಯಲಿಲ್ಲ. ವಾದದಲ್ಲಿ ಸೋತರೆ ಇನ್ನೊಂದು ವಾದ ಹುಡುಕಬಹುದು; ಅಂಗೈಗೆ ಎಲ್ಲಿ ಹೋಗಲಿ?

ಇನ್ನೊಂದು ಮಧ್ಯಾಹ್ನ ನೆನಪಿದೆ. ಬುತ್ತಿ ಬಿಚ್ಚಿ ಕೂತಿದ್ದೆವು. ಜಾತಿ ಗೀತಿ ನಂಬುವವನಲ್ಲ ನಾನು ಎಂದು ಒಂದು ಸಣ್ಣ ಭಾಷಣ ಮಾಡಿ, ಆತನ ಬುತ್ತಿಗೆ ಕೈ ಚಾಚಿ ಜೋಳದ ರೊಟ್ಟಿಯನ್ನೂ ಪುಂಡಿಪಲ್ಯವನ್ನೂ ಕೇಳಿದೆ. ಕಾಕಾ ಬುತ್ತಿಯನ್ನು ನನ್ನ ಕಡೆ ಸರಿಸಿದ. ಸರಿಸಿ, "ಹಸಿವಾಗಿದ್ರ ತಿನ್ರಿ ಸರ. ಸಾಕ್ಷಿಗಂತ ತಿನ್ನಬ್ಯಾಡ್ರಿ" ಎಂದ. ತಿಂದೆ. ಯಾವುದಕ್ಕೆ ತಿಂದೆ ಎಂದು ಇವತ್ತಿಗೂ ಖಚಿತವಾಗಿ ಹೇಳಲಾರೆ.

ಮೇಡಂ ತಿಂಗಳಿಗೊಮ್ಮೆ ಬರುತ್ತಿದ್ದರು. ಜೀಪಿನಿಂದ ಇಳಿದವರೇ ಮೊದಲು ಆತನನ್ನು ಮಾತಾಡಿಸುತ್ತಿದ್ದರು, ಆಮೇಲೆ ನನ್ನನ್ನು. ನಾನು ಬರೆದುಕೊಟ್ಟ ವರದಿಯ ಅಂಚಿನಲ್ಲಿ ಅವರು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದುದು ಒಂದೇ ವಾಕ್ಯ: "ಕಾಕಾ ಏನಂದರು?" ಇಪ್ಪತ್ತು ಪುಟ ಬರೆದರೂ ಅದೇ, ಎರಡು ಪುಟ ಬರೆದರೂ ಅದೇ. ಕೊನೆಕೊನೆಗೆ ಆ ಕೆಂಪು ಶಾಯಿ ಕಂಡರೆ ಮೈ ಉರಿಯುತ್ತಿತ್ತು.

ಆ ಚಳಿಗಾಲ ನನ್ನ ಮರಗಳಿಗೆಲ್ಲ ತಗಡಿನ ನಂಬರ್ ಹೊಡೆದೆ. ಪೊಳ್ಳು ಮರಗಳು, ಗಟ್ಟಿ ಮರಗಳು, ಎಲ್ಲಕ್ಕೂ ಒಂದೊಂದು ತಗಡು. ಮೊಳೆ ಹಿಡಿದು ನಿಲ್ಲುತ್ತಿದ್ದವನು ಕಾಕಾ. ಪ್ರತಿ ನಂಬರನ್ನೂ ಬಾಯಲ್ಲಿ ಒಮ್ಮೆ ಹೇಳಿಕೊಂಡು, ತಗಡನ್ನು ಅಂಗಿಯ ತೋಳಿನಿಂದ ಒರೆಸುತ್ತಿದ್ದ.

ಬೇಸಿಗೆಯಲ್ಲಿ ಬೆಂಕಿ ಬಂತು. ನಾಲ್ಕು ದಿನ ಬಿಟ್ಟು ಹೋಗಿ ನೋಡಿದರೆ ನೆಲವೆಲ್ಲ ಕಪ್ಪು, ನನ್ನ ಪೊಳ್ಳು ಮರಗಳಲ್ಲಿ ಬಹುಪಾಲು ಹಾಗೇ ನಿಂತಿವೆ! ಖುಷಿಗೆ ಕುಣಿಯುವುದೊಂದು ಬಾಕಿ. ಎಲ್ಲರೂ ಹೇಳುತ್ತಿದ್ದ ಮಾತು ಸುಳ್ಳು. ಹಿಂತಿರುಗುವಾಗ ದಾರಿಬದಿ ಒಂದು ಮುತ್ತುಗ ಬಿದ್ದು ಒಳಗಿನಿಂದ ಹೊಗೆಯಾಡುತ್ತಿತ್ತು.

"ಇದನ್ನ ಬರಕೊಳ್ಳಂಗಿಲ್ಲೇನ್ರಿ?" ಎಂದ ಕಾಕಾ.

"ಇದಕ್ಕ ನಂಬರ್ ಇಲ್ಲ ಕಾಕಾ."

ಆತ ತಲೆಯಾಡಿಸಿದ. ನಂಬರಿಲ್ಲದ ಮರ ಅವತ್ತು ನನಗೆ ಮರವೇ ಆಗಿರಲಿಲ್ಲ.

ಮರಗಳು ಯಾಕೆ ಉಳಿದವು ಎಂಬುದಕ್ಕೂ ನನ್ನ ಬಳಿ ಉತ್ತರ ಸಿದ್ಧವಾಗಿತ್ತು. ಬೆಂಕಿಗೆ ಮುಂಚೆ ಬರೆದ ಟಿಪ್ಪಣಿ ತೆಗೆದು ನೋಡಿದೆ. ಉಳಿದ ಪೊಳ್ಳು ಮರಗಳಲ್ಲಿ ಹಲವಕ್ಕೆ, ಬುಡದ ತೂತಿನ ಮೇಲೆ ಕೆಂಪು ಮಣ್ಣಿನ ಹೊದಿಕೆ ಇತ್ತು ಎಂದು ನನ್ನದೇ ಅಕ್ಷರದಲ್ಲಿ ಬರೆದಿತ್ತು. ಗೆದ್ದಲು ಮರ ಹತ್ತುವಾಗ ಮೈಮೇಲೆ ಮಣ್ಣಿನ ಹೊದಿಕೆ ಕಟ್ಟಿಕೊಳ್ಳುತ್ತದೆ, ಇದನ್ನು ಎಲ್ಲರೂ ನೋಡಿದ್ದೇವೆ. ಅಂದರೆ ಏನಾಯಿತು? ಮರವನ್ನು ತಿನ್ನುವ ಗೆದ್ದಲೇ ತನ್ನ ಮಣ್ಣಿನಿಂದ ತೂತು ಮುಚ್ಚಿ, ಬೆಂಕಿಯನ್ನು ಹೊರಗಿಡುತ್ತದೆ! ಮಳೆಗಾಲದಲ್ಲಿ ರಾಯಚೂರಿನಲ್ಲಿ ನಡೆದ ಗೋಷ್ಠಿಯಲ್ಲಿ ಇದನ್ನು ಮಂಡಿಸಿದೆ. "ಗೆದ್ದಲು ಕಳ್ಳನೂ ಹೌದು, ಕಾವಲುಗಾರನೂ ಹೌದು" ಎಂದು ಕೈಯೆತ್ತಿ ಮುಗಿಸಿದಾಗ ಸಭೆ ಚಪ್ಪಾಳೆ ಹೊಡೆಯಿತು. ಮೇಡಂ ಕೂಡ ಹೊಡೆದರು. ಮೊದಲ ಸಲ ಅವರು ಕಾಕಾ ಏನಂದರು ಎಂದು ಕೇಳಲಿಲ್ಲ.

ಕಾಕಾ ಕೊನೆಯ ಸಾಲಿನಲ್ಲಿ, ಇಲಾಖೆಯ ಸಾಹೇಬರ ಹಿಂದೆ ಕೂತಿದ್ದ. ಹೊರಗೆ ಚಹಾ ಕುಡಿಯುವಾಗ ಬಂದು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. "ಚಂದ ಮಾತಾಡಿದ್ರಿ ಸರ. ಗೆದ್ದಲಕ್ಕ ಇಷ್ಟು ಮಾನ ಕೊಟ್ಟವರನ್ನ ನಾ ನೋಡಿದ್ದಿಲ್ಲ ಬಿಡ್ರಿ."

ಹೊಗಳಿಕೆ ಎಂದುಕೊಂಡೆ.

ಮುಂದಿನ ಚಳಿಗಾಲ ಒಂದು ಮುಂಜಾನೆ ಮುಂಚೆ ಹೇಳದೆ ಅಡವಿಗೆ ಹೋದೆ. ದೂರದಿಂದಲೇ ಖಾಕಿ ಕಂಡಿತು. ಕಾಕಾ ನನ್ನ ನಂಬರಿನ ಒಂದು ಬಿಳಿಜಾಲಿಯ ಬುಡದಲ್ಲಿ ಮೊಣಕಾಲೂರಿ ಕೂತಿದ್ದ. ಪಕ್ಕದಲ್ಲಿ ಪುಟ್ಟಿ ತುಂಬ ಹುತ್ತದ ಮಣ್ಣು. ಆತನ ಹೆಂಡತಿ ಹಳ್ಳದಿಂದ ಕೊಡ ಹೊತ್ತು ತಂದು ಮಣ್ಣಿಗೆ ನೀರು ಸುರಿಯುತ್ತಿದ್ದರು. ಆತ ಕಲಸಿ, ಉಂಡೆ ಮಾಡಿ, ತೂತಿನೊಳಗೆ ಹೆಬ್ಬೆರಳಿನಿಂದ ತುರುಕಿ, ಅಂಗೈಯಿಂದ ಸವರುತ್ತಿದ್ದ. ಸವರಿ ಆದ ಮೇಲೆ ಒಣ ಹುಡಿ ಎರಚಿದ. ಗೆದ್ದಲು ಕಟ್ಟಿದ್ದಕ್ಕೂ ಇದಕ್ಕೂ ಕೂದಲಷ್ಟೂ ವ್ಯತ್ಯಾಸ ಕಾಣಲಿಲ್ಲ. ಕಾಣುವುದೆಂತು, ಮಣ್ಣು ಅದೇ!

"ಕಾಕಾ, ಏನ್ ಮಾಡಾಕತ್ತೀರಿ?"

"ಬಾಯಿ ಮುಚ್ಚಾಕತ್ತೀನ್ರಿ. ಬಿಟ್ರ ಬ್ಯಾಸಿಗ್ಯಾಗ ಬೆಂಕಿ ಒಳಗ ಹೊಕ್ಕತದ."

"ಹೋದ ವರ್ಷನೂ ಮುಚ್ಚಿದ್ದಿರೇನು?"

"ಹೂಂ ಮತ್ತ. ನೀವು ನಂಬರ್ ಹೊಡದ ಮ್ಯಾಲೆ ಸುಮ್ನ ಕುಂದ್ರಲಿಕ್ಕೆ ಆಗ್ತದೇನ್ರಿ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಇಲಾಖೆಯಲ್ಲಿ ನಂಬರ್ ಬಿದ್ದ ಮರವೊಂದು ಇಲ್ಲವಾದರೆ ಸಾಹೇಬರ ಮುಂದೆ ನಿಂತು ಉತ್ತರ ಹೇಳಬೇಕಾದವನು ವಾಚರ್. ಆಯುಷ್ಯದ ಅರ್ಧ ಆ ಕೆಲಸ ಮಾಡಿದವನಿಗೆ ನಂಬರ್ ಎಂದರೆ ಒಂದೇ ಅರ್ಥ: ಇದು ಸಾಯಕೂಡದು. ನನ್ನ ನಂಬರಿನ ಮರ ಸತ್ತರೆ ನನ್ನನ್ನೂ ಯಾರೋ ನಿಲ್ಲಿಸಿ ಕೇಳುತ್ತಾರೆ ಎಂದು ಆತ ತಿಳಿದಿದ್ದ. ಹಾಗಾಗಿ ಬೇರೆ ಮರಗಳನ್ನು ಬಿಟ್ಟು, ನನ್ನವನ್ನೇ ಹುಡುಕಿ ಹುಡುಕಿ ಮೆತ್ತಿದ್ದ. ನನ್ನ ಸಲುವಾಗಿ.

ನಾನು ಕೂಗಾಡಿದೆ. "ನನ್ನ ನಂಬರ್ ಹಂಗಲ್ಲ ಕಾಕಾ! ಯಾವು ಸಾಯ್ತಾವ, ಯಾವು ಉಳೀತಾವ ನೋಡಾಕ ಹೊಡದದ್ದು. ಸಾಯೋವನ್ನ ಸಾಯಾಕ ಬಿಡಬೇಕಿತ್ತು."

ಆತ ಮಣ್ಣಿನ ಕೈ ಹಾಗೇ ಹಿಡಿದು ನನ್ನ ಮುಖ ನೋಡಿದ. "ಸಾಯಲಿ ಅಂತ ನಂಬರ್ ಹೊಡದಿರೇನ್ರಿ?"

ಎಷ್ಟು ವೇದಿಕೆ ಏರಿದ್ದೇನೆ ನಾನು. ಈ ಒಂದು ಪ್ರಶ್ನೆಗೆ ನನಗೆ ಉತ್ತರ ಸಿಕ್ಕದ್ದು ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ, ನಾಲ್ಕು ತಾಸಿನ ನಂತರ. ಅದೂ ಅಂಥ ಒಳ್ಳೆಯ ಉತ್ತರವೇನಲ್ಲ.

ಆ ಮರದ ಬುಡದಲ್ಲಿ, ಆ ಹೊತ್ತಿಗೆ ನಾನು ಕೇಳಿದ್ದು ಬೇರೆ. "ಮತ್ತ ರಾಯಚೂರಾಗ, ಅಷ್ಟು ಮಂದ್ಯಾಗ ನಾ ಗೆದ್ದಲ ಮೆತ್ಯಾವ ಅಂದಾಗ, ಮೆತ್ತಿದಾಂವ ನಾ ಅಂತ ನೀವ್ಯಾಕ ಹೇಳಲಿಲ್ಲ?"

"ಅಷ್ಟು ಮಂದಿ ಮುಂದ ನಿಮ್ಮ ಮಾತು ಮುರೀಲೇನ್ರಿ? ಮತ್ತ ಸಾಹೇಬ್ರು ಮುಂದ ಕುಂತಿದ್ರು. ಕಾಯೋದು ಬಿಟ್ಟು ಮಣ್ಣಾಡಾಕತ್ಯಾನ ಅಂದ್ರ?"

ಕಾಕಾನ ಹೆಂಡತಿ ಕೊಡ ಕೆಳಗಿಟ್ಟು ನಡುವೆ ಬಂದರು. "ಓದಿದವರು ಸಿಟ್ಟಿಗೆದ್ರ ಗಿಡ ಒಣಗತಾವೇನು? ನೀರು ಕುಡೀರಿ ಯಪ್ಪಾ. ಎಲ್ಲಾಕ್ಕೂ ಮೆತ್ತಿಲ್ಲ ಈತ. ನಾ ನೀರು ಹೊತ್ತಷ್ಟಕ್ಕ ಮೆತ್ಯಾನ."

ಎಲ್ಲಕ್ಕೂ ಮೆತ್ತಿಲ್ಲ! ಸಿಟ್ಟಿನ ನಡುವೆಯೂ ಆ ಮಾತು ನನ್ನೊಳಗೆ ನಾಟಿತು. ಹೋದ ವರ್ಷದ ಮಣ್ಣು ಮಳೆಗೆ ತೊಳೆದುಹೋಗಿದೆ. ಟಿಪ್ಪಣಿಯಲ್ಲಿ ಬರೆದ ಹೊದಿಕೆಗಳಲ್ಲಿ ಗೆದ್ದಲಿನವು ಯಾವುವು, ಕಾಕಾನವು ಯಾವುವು ಎಂದು ಹೇಳಬಲ್ಲವನು ಜಗತ್ತಿನಲ್ಲಿ ಒಬ್ಬನೇ.

"ಯಾವ್ಯಾವಕ್ಕ ಮೆತ್ತೀರಿ, ನೆನಪದೇನು ಕಾಕಾ?"

"ಹೆಂಗ ಮರೀತಾವ್ರಿ? ಎಳ್ಳಮಾಸಿ ಮುಗೀಲಿ, ಬರ್ರಿ. ಒಂದೊಂದಽ ತೋರಸ್ತೀನಿ, ಬರಕೊಳ್ರಿ."

ಇನ್ನು ಮೇಲೆ ಒಂದು ಮರಕ್ಕೂ ಮಣ್ಣು ಮುಟ್ಟಿಸಬೇಡಿ ಎಂದು ಹೇಳಿದೆ. ಆತ ಪುಟ್ಟಿ ಬೋರಲು ಹಾಕಿದ.

ಎಳ್ಳಮಾವಾಸ್ಯೆ ಮುಗಿಯಿತು. ನಾನು ಹೋಗಲಿಲ್ಲ. ಜ್ವರವಿತ್ತೇ, ಬಸ್ಸಿರಲಿಲ್ಲವೇ? ಎರಡೂ ಅಲ್ಲ. ಹೋದರೆ ಏನಾಗುತ್ತದೆ ಎಂದು ಮಾನ್ವಿಯ ಪಡಸಾಲೆಯಲ್ಲಿ ಕೂತು ಯೋಚಿಸಿದೆ. ಆತ ಮುಂದೆ ಮುಂದೆ ನಡೆಯುತ್ತಾನೆ, ಬೆರಳು ತೋರಿಸುತ್ತಾನೆ, ನಾನು ಹಿಂದೆ ಹಿಂದೆ ಬರೆದುಕೊಳ್ಳುತ್ತೇನೆ. ಇಡೀ ಪ್ರಬಂಧ ಆತನ ಬಾಯಿಂದ ಬರೆದದ್ದಾಗುತ್ತದೆ. ಮೇಡಂ ಅಂಚಿನಲ್ಲಿ ಕೇಳುತ್ತಿದ್ದ ಪ್ರಶ್ನೆಗೆ ನನ್ನ ಎರಡು ವರ್ಷದ ದುಡಿಮೆಯೇ ಉತ್ತರವಾಗುತ್ತದೆ. ಬರುವ ವಾರ ನೋಡೋಣ ಎಂದುಕೊಂಡೆ. ಮತ್ತೊಂದು ವಾರ. ಹೀಗೆ ಎಂಟು ವಾರ ಮುಂದೂಡಿದೆ. ಒಂದು ದಿನ ಬೆಳಿಗ್ಗೆ ಮೇಡಂ ಫೋನ್ ಮಾಡಿದರು. ಕಾಕಾಗೆ ಎದೆ ಹಿಡಿದುಕೊಂಡಿತಂತೆ, ದೇವದುರ್ಗದ ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು.

ಸಂತಾಪ ಸಭೆಯಲ್ಲಿ ಮೇಡಂ ನನ್ನ ಗೆದ್ದಲಿನ ವಾದವನ್ನೇ ಎತ್ತಿ, ಈ ಮಾತು ಆತ ಕಾದ ಅಡವಿ ನಮಗೆ ಕಲಿಸಿದ್ದು ಎಂದರು. ಸುಳ್ಳು ನನ್ನದು, ಕೀರ್ತಿ ಆತನದು. ಅದನ್ನೂ ನನಗೆ ತಡೆದುಕೊಳ್ಳಲಾಗಲಿಲ್ಲ ಎಂದರೆ ನಂಬುತ್ತೀರಾ? ಮೂರು ದಿನ ಕಳೆದು ರಾಯಚೂರಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಮೇಡಂ ನನ್ನ ವರದಿ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಹೇಳಿದರು: "ಯಾವ ಪೊಳ್ಳು ಮರಕ್ಕೆ ಮಣ್ಣು ಮೆತ್ತಿದ್ದರು, ಯಾವುದಕ್ಕೆ ಇಲ್ಲ ಎಂದು ಗೊತ್ತಾದರೆ ಇದು ನೀನು ಹೇಳಿದ್ದಕ್ಕಿಂತ ದೊಡ್ಡ ಮಾತು. ಒಂದು ಪುಟ್ಟಿ ಮಣ್ಣು ಒಂದು ಮರವನ್ನು ಉಳಿಸುತ್ತದೋ ಇಲ್ಲವೋ ಎಂದು ತಿಳಿಯುತ್ತದೆ. ಗೊತ್ತಾಗದಿದ್ದರೆ ನಿನ್ನ ಎರಡು ವರ್ಷದ ಕಾಗದವನ್ನೆಲ್ಲ ಹರಿದುಹಾಕು."

ಮರುದಿನ ಮಸರಕಲ್‌ಗೆ ಹೋದೆ. ಕಾಕಾನ ಹೆಂಡತಿ ಬಾಗಿಲಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ನೀರು ಕೊಟ್ಟರು. ನಾನು ಯಾಕೆ ಬಂದೆ ಎಂದು ಹೇಳಿದೆ: ಕಾಕಾ ಯಾವ ಗಿಡಕ್ಕೆ ಮೆತ್ತಿದರೆಂದು ಎಲ್ಲಾದರೂ ಬರೆದಿಟ್ಟಿದ್ದಾರೆಯೇ? ಅವರು ಮೊರ ನಿಲ್ಲಿಸಲಿಲ್ಲ.

"ಬರದಿಡಾಕ ನೀವು ಬರ್ತೀರಿ ಅಂತ ಕುಂತಿದ್ದ. ಎಳ್ಳಮಾಸಿ ಆದ ಮ್ಯಾಲೆ ದಿನಾ ಮುಂಜಾನಿ ಬಸ್ ಬಂದು ಹೋಗೋತನಕ ಸ್ಟಾಪಿನ್ಯಾಗ ಕುಂದ್ರತಿದ್ದ. ಆಮ್ಯಾಲೆ ಅಡವಿಗಿ ಹೋಗತಿದ್ದ."

ನಾನು ನೀರಿನ ಲೋಟ ಕೆಳಗಿಟ್ಟೆ.

"ನೀವು ಬ್ಯಾಡ ಅಂದ ಮ್ಯಾಲೆ ಮಣ್ಣು ಮುಟ್ಟಲಿಲ್ಲ ಯಪ್ಪಾ. ಈ ಸಲ ಅವತ್ತು ಮೆತ್ತಿದ್ದು ಬಿಟ್ರ ಎಲ್ಲಾ ಬಾಯಿ ತಕ್ಕೊಂಡಽ ನಿಂತಾವ." ತೊಗರಿಯ ಹೊಟ್ಟು ಗಾಳಿಗೆ ಹಾರಿ ನನ್ನ ಕಾಲ ಮೇಲೆ ಬಿತ್ತು. "ಹುಲ್ಲು ಒಣಗಾಕತ್ತದ."

ಜೇಬಿನಲ್ಲಿದ್ದ ಟಿಪ್ಪಣಿ ಪುಸ್ತಕ ತೆಗೆದೆ, ಮತ್ತೆ ಒಳಗಿಟ್ಟೆ. ಹೊಸ್ತಿಲ ಕೆಳಗೆ ಕೂತು ಕೇಳಿದೆ:

"ಯವ್ವಾ, ನೀರು ಹೊತ್ತವರು ನೀವು. ಯಾವ್ಯಾವ ಗಿಡದ ಬುಡಕ್ಕ ಕೊಡ ಇಳಿಸಿದ್ರಿ ಅಂತ ನಿಮಗೂ ನೆನಪಿರಬೇಕಲ್ಲ. ಈ ಸಲ ಮಣ್ಣಿನ ಪುಟ್ಟಿ ನಾ ಹೊರ್ತೀನಿ, ನಿಮ್ಮ ಹಿಂದ ಹಿಂದ ಬರ್ತೀನಿ. ಒಂದೊಂದಽ ತೋರಸ್ತೀರೇನ್ರಿ?"